ಸುಟ್ಟ ಗೆರೆಯ ಹಸೆಮಣೆ

ಅಬ್ಬಾ ಫೋನಿನಲ್ಲಿ "ಆಯ್ತು ಯಜಮಾನ್ರೇ, ಮಾಡ್ಕೊಡ್ತೀನಿ" ಎಂದುಬಿಟ್ಟರು. ಹೇಳಿಯಾದ ಮೇಲೆ ಅದೇ ಫೋನನ್ನು ಮೇಜಿನ ಮೇಲೆ ಇಡಲು ಹೋಗಿ ಕೆಳಗೆ ಬೀಳಿಸಿದರು. ನಾನು ಎತ್ತಿಟ್ಟು, "ಏನು ಮಾಡ್ಕೊಡ್ತೀರಿ?" ಎಂದು ಕೇಳಿದೆ. "ಕಂಪಲಾಪುರದವರ ಮನೆ ಹಸೆಮಣೆ" ಎಂದರು, ಏನೂ ಆಗಿಲ್ಲ ಎನ್ನುವ ಹಾಗೆ.

ನನ್ನ ಅಪ್ಪನ ಕೈ ನಡುಗಲು ಶುರುವಾಗಿ ಆಗಲೇ ವರ್ಷವಾಗುತ್ತಾ ಬಂದಿತ್ತು. ಚಹಾದ ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸುವುದನ್ನು ನಾನು ಬಿಟ್ಟಿದ್ದೆ. ಪೆನ್ಸಿಲಿನ ಗೆರೆಯ ಮೇಲೆ ಉಳಿ ಇಟ್ಟರೆ ಅದು ಗೆರೆ ಬಿಟ್ಟು ಪಕ್ಕಕ್ಕೆ ಜಾರುತ್ತಿತ್ತು. ಹುಣಸೂರಿನಲ್ಲಿ ಹೆಸರು ಮಾಡಿದ ಬಡಗಿ ಅವರು. ಕೈ ನಡುಗುವ ವಿಷಯ ನನಗೂ ನನ್ನ ಗಂಡನಿಗೂ ಮಾತ್ರ ಗೊತ್ತಿತ್ತು. ಹೊರಗೆ ಹೊರಟರೆ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಸುತ್ತಿಕೊಂಡುಬಿಡುತ್ತಿದ್ದರು. ಇಂಥ ಮನುಷ್ಯ ಹಸೆಮಣೆ ಕೆತ್ತಿಕೊಡುತ್ತೇನೆ ಎಂದು ಒಪ್ಪಿಕೊಂಡರೆ ನಾನು ಏನನ್ನಬೇಕು?

ಕಂಪಲಾಪುರದ ಆ ಮನೆಯವರದು ವಿಭೂತಿ ಇಡುವ ಮನೆತನ, ನಮ್ಮದು ನಮಾಜಿನ ಮನೆ. ಆದರೂ ಅವರ ಮನೆಯ ಮದುವೆಗಳಲ್ಲಿ ಗಂಡು ಹೆಣ್ಣು ಕೂರುವ ಜೋಡಿ ಮಣೆ ಮೊದಲಿಂದ ನಮ್ಮ ಕೈಯಲ್ಲೇ ಆಗುತ್ತಾ ಬಂದಿದೆ. ಆ ಮನೆಯ ಅಜ್ಜಿಯ ಮದುವೆಗೆ ನನ್ನ ತಾತ ಮಾಡಿಕೊಟ್ಟರಂತೆ. ಅಜ್ಜಿಯ ಮಕ್ಕಳ ಮದುವೆಗೆ ಅಬ್ಬಾ ಮಾಡಿಕೊಟ್ಟರು. ಈಗ ದೊಡ್ಡ ಮೊಮ್ಮಗಳದು. ಮಣೆಯ ಹಲಗೆ ಅವರ ಹಿತ್ತಲಿನ ಹಲಸಿನ ಮರದ್ದೇ ಆಗಬೇಕು, ಎರಡೂ ಒಂದೇ ದಿಮ್ಮಿಯಿಂದ ಬರಬೇಕು ಎಂಬುದು ಆ ಮನೆಯ ಪದ್ಧತಿ. ಹುಡುಗಿ ಮೈನೆರೆದ ವರ್ಷವೇ ಮರ ಕೊಯ್ಯಿಸಿ, ಹಲಗೆಯನ್ನು ನಮ್ಮ ಅಟ್ಟದ ಮೇಲೆ ಒಣಗಲು ಇಟ್ಟಿದ್ದರು. ಎರಡು ಮಣೆಗೆ ಆಗುವಷ್ಟು ಮರ, ಪ್ರಯೋಗಕ್ಕೆ ಒಂದಿಷ್ಟು ಚೂರು. ಕೆಟ್ಟರೆ ಬೇರೆ ತರುವ ಹಾಗಿಲ್ಲ.

ಮಣೆ ಆಗದಿದ್ದರೆ ಮದುವೆಯೇನೂ ನಿಲ್ಲುತ್ತಿರಲಿಲ್ಲ, ಮೈಸೂರಿನ ಅಂಗಡಿಯಿಂದ ಒಂದು ಜೋಡಿ ತರುತ್ತಿದ್ದರು. ಆದರೆ ಅಬ್ಬಾ ಮತ್ತೆ ಕೆಲಸದ ಬೆಂಚಿನ ಮುಂದೆ ಕೂರುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅದಕ್ಕೇ ಫೋನಿನಲ್ಲಿ ಅಷ್ಟು ಬೇಗ ಒಪ್ಪಿಕೊಂಡಿದ್ದರು.

ಆಗ ನಾನು ಬಹಳ ದಿನದಿಂದ ಹೇಳುತ್ತಿದ್ದ ಮಾತನ್ನು ಮತ್ತೆ ಎತ್ತಿದೆ: ಬೆಳಕಿನಿಂದ ಮರ ಕೊಯ್ಯುವ ಲೇಸರ್ ಕಟರ್ ತರೋಣ. ನಾನು ತೆಳು ಪ್ಲೈವುಡ್ಡಿನಲ್ಲಿ ಬಾಗಿಲ ಫಲಕ, ದೀಪದ ಗೂಡು, ಗೋಡೆಗೆ ಹಾಕುವ ಬರಹಗಳನ್ನು ಕೈಗರಗಸದಲ್ಲಿ ಕೊಯ್ದು ಮಾರುವವಳು. ಆ ಗರಗಸದಿಂದ ನನ್ನ ಹೆಬ್ಬೆರಳು ಸತ್ತೇಹೋಗಿತ್ತು. ಅಬ್ಬಾ ಪ್ರತಿ ಸಲವೂ "ಮನೆ ಒಳಗೆ ಬೆಂಕಿ ಸಾಕ್ತೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಈ ಸಲ ಮುಚ್ಚಿಸಲಿಲ್ಲ. ಒಪ್ಪಿದೆ ಎಂದೂ ಹೇಳಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ನಿನ್ನಿಷ್ಟ" ಎಂದು ನಮಾಜಿಗೆ ಹೊರಟುಹೋದರು.

ಮಿಷನ್ ಆರಿಸುವುದು ಹೆಣ್ಣು ನೋಡುವುದಕ್ಕಿಂತ ಕಷ್ಟ. ನನ್ನ ಗಂಡನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ವೀಡಿಯೊ ನೋಡಿ ನೋಡಿ ಅವರು ನನಗಿಂತ ದೊಡ್ಡ ಪಂಡಿತರಾಗಿಬಿಟ್ಟರು. ಆ ವೀಡಿಯೊಗಳಲ್ಲಿ ಎಲ್ಲರಿಗೂ ಮನೆಯಷ್ಟು ದೊಡ್ಡ ಗ್ಯಾರೇಜು. ಅಲ್ಲಿ ಕರೆಂಟು ಹೋಗುವುದಿಲ್ಲ, ಪಕ್ಕದ ಮನೆಯವರು ಬಟ್ಟೆ ಒಣಗಿಸುವುದಿಲ್ಲ. "ಗಾಜಿನ ಟ್ಯೂಬ್ ಇರೋದೇ ತಗೋ, ಅದಕ್ಕೆ ಪವರ್ ಜಾಸ್ತಿ" ಎಂದು ಅವರು ಹಟ ಹಿಡಿದರು.

ಮೈಸೂರಿನ ಅಂಗಡಿಯವನದೂ ಅದೇ ಹಾಡು. ಬೀರುವಿನಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಗಾಜಿನ ಕೊಳವೆ, ಅದು ಬಿಸಿಯಾಗದಿರಲು ಬಕೆಟ್ಟಿನಿಂದ ನೀರು ಸುತ್ತಿಸುವ ಪಂಪು.

"ಇದು ಏನ್ ಬೇಕಾದ್ರೂ ಕಟ್ ಮಾಡುತ್ತೆ ಮೇಡಂ" ಎಂದ.

"ಒಂದಂಗುಲ ದಪ್ಪದ ಹಲಸಿನ ಹಲಗೆ ಒಳಗೆ ಹಿಡಿಯುತ್ತಾ?"

"ಅಕ್ರಿಲಿಕ್ ನೋಡಿ, ಬೆಣ್ಣೆ ಥರ ಕಟ್ ಆಗುತ್ತೆ" ಎಂದು ಒಂದು ಕೀ ಬಂಚನ್ನು ನನ್ನ ಕೈಗೆ ಕೊಟ್ಟ.

"ನನಗೆ ಅಕ್ರಿಲಿಕ್ ಬೇಡ. ಹಲಗೆ ಹಿಡಿಯುತ್ತಾ ಹೇಳಿ."

"ಸ್ಯಾಂಪಲ್ ಇನ್ನೊಂದು ತೋರಿಸ್ತೀನಿ ಇರಿ" ಎಂದು ಒಳಗೆ ಹೋದ.

ನಾನೇ ಚೀಲದಿಂದ ಟೇಪು ತೆಗೆದು ಅಳೆದೆ. ಮಣೆ ಆ ಪೆಟ್ಟಿಗೆಯೊಳಗೆ ಹೋಗುವುದೇ ಇಲ್ಲ, ಉದ್ದವೂ ಸಾಲದು, ಬೆಳಕು ಬಿಡುವ ತಲೆಯ ಕೆಳಗೆ ಜಾಗವೂ ಸಾಲದು. ಮೂಲೆಯಲ್ಲಿ ಇನ್ನೊಂದು ಜಾತಿ ಇತ್ತು, ಡಯೋಡಿನದು. ನಾಲ್ಕು ಕಂಬಿಯ ಬರೀ ಚೌಕಟ್ಟು. ಕಂಬಿಯ ಮೇಲೆ ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ತಲೆ ಹಿಂದೆ ಮುಂದೆ ಓಡಾಡುತ್ತದೆ, ಅದರಿಂದ ನೀಲಿ ಬೆಳಕು ಬರುತ್ತದೆ. ಅಡಿಯಿಲ್ಲದ ಚೌಕಟ್ಟಾದ್ದರಿಂದ ಅದನ್ನೇ ಎತ್ತಿ ಹಲಗೆಯ ಮೇಲೆ ಇಟ್ಟುಬಿಡಬಹುದು, ಹಲಗೆ ಎಷ್ಟು ದಪ್ಪವಿದ್ದರೇನು. ಪವರು ಕಡಿಮೆ ನಿಜ. ಆದರೆ ನನಗೆ ಬೇಕಾಗಿದ್ದದ್ದು ಹಲಗೆಯನ್ನು ಆರಪಾರ ಕೊಯ್ಯುವುದಲ್ಲ, ಅದರ ಮೇಲೆ ಹಸೆಯ ಗೆರೆ ಮೂಡಿಸುವುದು. ಅದನ್ನೇ ತಂದೆ. "ಕಡಿಮೆ ಪವರಿಂದು ತಂದೆಯಲ್ಲ" ಎಂದು ಗಂಡ ದಾರಿಯಲ್ಲಿ ಬಿಳಿಕೆರೆ ದಾಟುವವರೆಗೂ ಹಾಡಿದರು.

ನಮ್ಮ ಕೆಲಸದ ಕೋಣೆಯಲ್ಲಿ ಮಿಷನ್ ಜೋಡಿಸಿದ ದಿನ ಅಬ್ಬಾ ಅದಕ್ಕೆ 'ಬೆಂಕಿಪೆಟ್ಟಿಗೆ' ಎಂದು ಹೆಸರಿಟ್ಟರು. ಅದರ ನೀಲಿ ಬೆಳಕು ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಹಾಕಿಕೊಳ್ಳಿ ಎಂದು ಅವರಿಗೂ ಒಂದು ಬಣ್ಣದ ಕನ್ನಡಕ ಕೊಟ್ಟರೆ, "ಮದುವಣಗಿತ್ತಿ ಥರ ಪರದೆ ಹಾಕ್ಕೊಂಡು ಕೂರ್ಲಾ?" ಎಂದು ಎದ್ದು ಹೋದರು. ಅವತ್ತಿನಿಂದ ಆ ಕೋಣೆಗೆ ಕಾಲಿಡಲಿಲ್ಲ. ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು ಕೂತು ಟೀಕೆ ಮಾಡುವುದನ್ನು ಮಾತ್ರ ಬಿಡಲಿಲ್ಲ.

ಮೊದಲ ರಗಳೆ ಹೊಗೆಯದು. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಮನೆಗಳಲ್ಲಿ, ಅಂದರೆ ಬ್ಯಾರನ್ನುಗಳಲ್ಲಿ, ಬಿಸಿ ಹಾಯಿಸಲು ತಗಡಿನ ದಪ್ಪ ಕೊಳವೆಗಳಿರುತ್ತವೆ. ಹಳೆಯದೊಂದನ್ನು ಗುಜರಿಯಿಂದ ತಂದು, ಒಂದು ತುದಿಗೆ ಫ್ಯಾನು ಕೂರಿಸಿ, ಇನ್ನೊಂದನ್ನು ಕಿಟಕಿಯಿಂದ ಹೊರಗೆ ಬಿಟ್ಟೆವು. ಆ ಕಿಟಕಿ ಪಕ್ಕದ ಮನೆಯವರ ಬಟ್ಟೆ ತಂತಿಗೆ ನೇರ. "ನಮ್ಮ ಸೀರೆಯೆಲ್ಲ ಸುಟ್ಟ ಬೀಡಿ ವಾಸನೆ ಹೊಡೀತದೆ" ಎಂದು ಅವರು ಬಂದು ಜಗಳ ಆಡಿದರು. ಸುಳ್ಳೇನಲ್ಲ. ಕೊಳವೆಗೆ ಮೊಣಕೈಯಂಥ ತಿರುವಿನ ತುಂಡು ಹಾಕಿ ಸೂರಿನ ಮೇಲಕ್ಕೆ ತಿರುಗಿಸುವ ಹೊತ್ತಿಗೆ ನನ್ನ ತಾಳ್ಮೆಯೆಲ್ಲ ಅದೇ ಕೊಳವೆಯಲ್ಲಿ ಹೊರಗೆ ಹೋಗಿತ್ತು.

ಎರಡನೆಯದು ನನ್ನದೇ ಜಾಣತನ. ಕೈ ಪಳಗಲೆಂದು ನೀರಿಗೆ ಜಗ್ಗದ ಒಳ್ಳೆಯ ಜಾತಿಯ ಪ್ಲೈವುಡ್ಡನ್ನೇ ತಂದೆ. ಬಡಗಿಯ ಮಗಳಲ್ಲವೇ, ಅಗ್ಗದ ಮಾಲು ಮುಟ್ಟಲು ಮನಸ್ಸು ಬರಲಿಲ್ಲ. ಲೇಸರಿಗೆ ಆ ಒಳ್ಳೆಯ ಪ್ಲೈವುಡ್ಡಿನ ಅಂಟೇ ಶತ್ರು. ಮೇಲಿನ ಪದರ ಕೊಯ್ಯುತ್ತದೆ, ಅಂಟು ಸಿಕ್ಕ ಕೂಡಲೇ ಕರಿ ಹಿಡಿದು ನಿಲ್ಲುತ್ತದೆ. ಎಷ್ಟು ಸಲ ಓಡಿಸಿದರೂ ತುಂಡು ಬಿಡಲಿಲ್ಲ. ಕೊನೆಗೆ ಹಣ್ಣಿನ ಪೆಟ್ಟಿಗೆ ಮಾಡುವಂಥ ಅಗ್ಗದ ಪ್ಲೈವುಡ್ಡು ಹಾಕಿದೆ. ಒಂದೇ ಓಟಕ್ಕೆ ಟಕ್ಕೆಂದು ಬಿತ್ತು. ಬಾಗಿಲ ಹೊರಗಿನಿಂದ ಅಬ್ಬಾ, "ಒಳ್ಳೇದು ಕಂಡ್ರೆ ಆಗಲ್ಲ ಅದಕ್ಕೆ. ಜನರ ಥರಾನೇ" ಎಂದರು.

ಹಸೆಯ ಚಿತ್ರ ತಯಾರು ಮಾಡುವುದು ಇನ್ನೊಂದು ತಲೆನೋವು. ನಡುವೆ ಎಂಟು ಎಸಳಿನ ಪದ್ಮ, ಸುತ್ತ ಬಳ್ಳಿ, ಮೂಲೆಗೊಂದು ಗಿಳಿ. ತಾತನ ಕಾಲದಿಂದ ಬಂದದ್ದು ಅದೇ ಚಿತ್ರ. ಅಬ್ಬಾ ಹಿಂದೆ ಮಾಡಿದ್ದ ಮಣೆಯ ಫೋಟೊ ತರಿಸಿಕೊಂಡು ಕಂಪ್ಯೂಟರಿಗೆ ಹಾಕಿದೆ. ಕಂಪ್ಯೂಟರು ಪ್ರತಿ ಗೆರೆಗೂ ಎರಡು ಅಂಚು ಎಂದು ತಿಳಿದುಕೊಂಡು ಎಲ್ಲವನ್ನೂ ಜೋಡಿ ಗೆರೆಯಾಗಿ ಬಿಡಿಸಿಟ್ಟಿತು. ಗಿಳಿಗೆ ಎರಡೆರಡು ಕೊಕ್ಕು. ಅದನ್ನು ಅಳಿಸಿ, ಗೆರೆಯ ನಟ್ಟನಡುವೆ ಒಂದೇ ಗೆರೆ ಬರುವ ಹಾಗೆ ನಾನೇ ಮೌಸ್ ಹಿಡಿದು ಎಳೆಎಳೆಯಾಗಿ ಬಿಡಿಸಬೇಕಾಯಿತು. ಕೈಯಲ್ಲೇ ಮಾಡುವುದಾದರೆ ಮಿಷನ್ ಯಾಕೆ ಎಂದು ಯಾರಾದರೂ ಕೇಳಿದ್ದರೆ ಹೊಡೆದುಬಿಡುತ್ತಿದ್ದೆ. ಪುಣ್ಯಕ್ಕೆ ಅಬ್ಬಾ ಆಗ ಮಸೀದಿಗೆ ಹೋಗಿದ್ದರು.

ಹಲಸಿನ ಚೂರುಗಳ ಮೇಲೆ ಪರೀಕ್ಷೆ ಮಾಡಿದೆ. ಹಲಸು ಸಿಹಿ ಮರ ಅನ್ನುತ್ತಾರೆ, ಲೇಸರಿಗೆ ಅದು ಸಿಹಿಯೇನಲ್ಲ. ಎಳೆಯ ಭಾಗದಲ್ಲಿ ಗೆರೆ ಆಳಕ್ಕೆ ಇಳಿದರೆ ಬಲಿತ ಭಾಗದಲ್ಲಿ ಮೇಲೆಯೇ ತೇಲುತ್ತದೆ. ಒಣಗಿದ ಮರದೊಳಗೂ ಮೇಣದ ಜಿಡ್ಡು ಇದ್ದು, ಅದರ ಹೊಗೆ ಮಿಷನ್ನಿನ ಕಣ್ಣಿಗೆ, ಅಂದರೆ ಬೆಳಕು ಹೊರಡುವ ಪುಟ್ಟ ಗಾಜಿಗೆ, ಅಂಟಿಕೊಳ್ಳುತ್ತದೆ. ಗಾಜು ಮಬ್ಬಾದರೆ ಬೆಳಕಿಗೆ ಬಲವಿಲ್ಲ. ಸ್ಪಿರಿಟ್ಟಿನಲ್ಲಿ ಒರೆಸು, ಓಡಿಸು, ಮತ್ತೆ ಒರೆಸು. ಮೀನು ಸಾಕುವ ತೊಟ್ಟಿಯ ಗಾಳಿ ಪಂಪೊಂದನ್ನು ತಂದು ಬೆಳಕು ಬೀಳುವ ಜಾಗಕ್ಕೆ ಊದಿಸಿದ ಮೇಲೆ ಸ್ವಲ್ಪ ಹತೋಟಿಗೆ ಬಂತು.

ಹೆಣ್ಣಿನ ಮಣೆಗೆ ಮೊದಲು ಕೈ ಹಾಕಿದೆ. ಪದ್ಮ ಮುಗಿದು ಬಳ್ಳಿ ಅರ್ಧ ಆಗಿತ್ತು, ಕರೆಂಟು ಹೋಯಿತು. ಬಂದ ಮೇಲೆ ಮಿಷನ್ನಿಗೆ ತಾನು ಎಲ್ಲಿದ್ದೆ ಎಂಬುದೇ ನೆನಪಿಲ್ಲ. ಕಣ್ಣಂದಾಜಿನಲ್ಲಿ ತಲೆಯನ್ನು ಹಳೆಯ ಜಾಗಕ್ಕೆ ತಂದು ಶುರು ಮಾಡಿದರೆ ಬಳ್ಳಿ ಕೂದಲೆಳೆಯಷ್ಟು ಪಕ್ಕಕ್ಕೆ ಬಂತು. ಅವಳಿ ಗೆರೆ ಕಂಡು ನನಗೆ ಅಳುವೇ ಬಂದುಬಿಟ್ಟಿತು. ಆ ಭಾಗವನ್ನು ಕೀಸುಳಿಯಿಂದ ಕೆರೆದು ಸಮ ಮಾಡಿ, ಮನೆಯ ಇನ್ವರ್ಟರಿಗೆ ಮಿಷನ್ ಸಿಕ್ಕಿಸಿದೆ. ಮೇಜಿಗೆ ಎರಡು ಕಡೆ ರೀಪರಿನ ಸಣ್ಣ ಮರದ ಪಟ್ಟಿ ಬಡಿದು, ಮಣೆಯ ಮೂಲೆ ಮತ್ತು ಮಿಷನ್ನಿನ ಕಾಲು ಯಾವಾಗ ಇಟ್ಟರೂ ಅದೇ ಜಾಗಕ್ಕೆ ಬಂದು ಕೂರುವ ಹಾಗೆ ಮಾಡಿದೆ. ಈ ಪಟ್ಟಿಯನ್ನು ಮೊದಲ ದಿನವೇ ಹೊಡೆದಿದ್ದರೆ ಎಂದು ಯಾರೂ ಹೇಳುವುದು ಬೇಡ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದವಳು ನಾನೊಬ್ಬಳೇ ಅಲ್ಲ.

ಕೊನೆಗೆ ಎರಡೂ ಮಣೆ ಮುಗಿದವು. ಹಳದಿ ಮರದ ಮೇಲೆ ಕಡುಕಂದು ಗೆರೆಗಳು. ನಿಜ ಹೇಳುತ್ತೇನೆ, ಅಷ್ಟು ಅಂದವಾದದ್ದು ನನ್ನ ಕೈಯಿಂದ ಅದುವರೆಗೂ ಆಗಿರಲಿಲ್ಲ. ಅಬ್ಬಾ ಕೂಡ ಸ್ಟೂಲಿನಿಂದ ಎದ್ದು ಬಾಗಿಲಿಂದಲೇ ಇಣುಕಿ ನೋಡಿದರು. "ಗೆರೆ ನೆಟ್ಟಗಿದೆ" ಎಂದರು. ಅವರ ಬಾಯಲ್ಲಿ ಅಷ್ಟು ಬಂದರೆ ಹಬ್ಬ. ತಾವು ಕಂಪಲಾಪುರಕ್ಕೆ ಬರುವುದಿಲ್ಲ ಎಂದರು, ಕಾರಣ ಕೇಳಬೇಕಿರಲಿಲ್ಲ. ನಾನು, ಗಂಡ, ಗೂಡ್ಸ್ ಆಟೊದಲ್ಲಿ ಮಣೆ ಕಟ್ಟಿಕೊಂಡು ಹೊರಟೆವು.

ಅಜ್ಜಿ ಜಗಲಿಯ ಮೇಲೆ ಕೂತಿದ್ದರು. ಹಣೆತುಂಬ ವಿಭೂತಿ, ದೃಷ್ಟಿ ಮಾತ್ರ ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ಮಣೆಯ ಮೇಲಿನ ಬಟ್ಟೆ ತೆಗೆದೆ. ಅಜ್ಜಿ ಬಗ್ಗಿ ಪದ್ಮದ ಒಂದು ಎಸಳಿನ ಮೇಲೆ ಬೆರಳು ಎಳೆದರು. ಬೆರಳನ್ನು ತಿರುಗಿಸಿ ನೋಡಿಕೊಂಡರು. ತುದಿ ಕಪ್ಪಾಗಿತ್ತು.

"ಇದೇನವ್ವಾ, ಸುಟ್ಬುಟ್ಟಿದ್ದೀಯಲ್ಲ!"

"ಸುಟ್ಟಿಲ್ಲ ಅಜ್ಜಿ, ಲೇಸರ್ ಡಿಸೈನ್ ಅದು. ಒರೆಸಿದ್ರೆ ಹೋಗ್ತದೆ" ಎಂದೆ.

"ಯಾವ್ ಡಿಸೈನೋ ಕಾಣೆ ಕಣವ್ವ. ಕರಕ್ಲಾಗದೆ, ಕಣ್ಗೆ ಕಾಣ್ತದಲ್ಲ. ಮದ್ವೆ ಮನೆಗೆ ಯಾರಾನ ಸುಟ್ಟುದ್ದ ತತ್ತಾರಾ? ಒಲೆಯಿಂದ ಎಳ್ದಿರೋ ಸೌದೆ ಮ್ಯಾಲೆ ನನ್ ಮೊಮ್ಮಗ್ಳ ಕೂರ್ಸಾ? ಬಿಳೀ ಸೀರೆ ಉಟ್ಕಂಡು ಧಾರೆಗೆ ಕೂರ್ತಾಳೆ, ಎದ್ದೇಳೋವತ್ಗೆ ಸೀರೆ ಇಂದ್ಗಡೆಯೆಲ್ಲ ಮಸಿ!"

ಯಜಮಾನರು, ಅಂದರೆ ಅಜ್ಜಿಯ ಮಗ, ಪಕ್ಕದಲ್ಲೇ ನಿಂತಿದ್ದರು. ನಾನು ಅವರ ಮುಖ ನೋಡಿದೆ. "ನಂಗೇನೋ ಸೆಂದಾಗೇ ಕಾಣ್ತದೆ ಕಣಮ್ಮ. ಆದ್ರೆ ಅವ್ವ ಏಳುದ್ಮೇಲೆ ಮುಗೀತು ಬುಡು" ಎಂದು ಕೈ ಚೆಲ್ಲಿದರು.

"ಸಾಬ್ರು ಯಾಕ್ ಬರ್ನಿಲ್ಲ?" ಎಂದರು ಅಜ್ಜಿ. "ಅವ್ರಿಗೇನಾಗದೆ? ಉಳೀಲಿ ಕೆತ್ತುಸ್ಕಂಡ್ ಬಾ ಓಗು. ನನ್ ಮಣೆ ಅವ್ರಪ್ಪ ಕೆತ್ತಿದ್ದು, ಇವತ್ಗೂ ಒಂದ್ ಗೆರೆ ಕಪ್ಪಾಗಿಲ್ಲ."

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಅಜ್ಜಿಯ ಮೇಲೆ, ಮಿಷನ್ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು ನಾನು. ಮದುವೆ ಮನೆಯಲ್ಲಿ ಸೀದ ಹಪ್ಪಳವನ್ನು ಕೂಡ ಎಲೆಗೆ ಹಾಕದೆ ಎತ್ತಿಡುತ್ತಾರೆ ಎಂಬುದು ನನಗೆ ಗೊತ್ತು. ಇಷ್ಟು ದಿನ ಗೆರೆ ನೆಟ್ಟಗಿದೆಯೇ, ಆಳ ಇದೆಯೇ ಎಂದು ನೋಡಿದ ನಾನು, ಸುಟ್ಟು ಬರೆದ ಗೆರೆ ಸುಟ್ಟ ಗೆರೆಯೇ ಎಂಬುದನ್ನು ಒಮ್ಮೆಯೂ ಯೋಚಿಸಲಿಲ್ಲ. ವಾಪಸು ಬರುವಾಗ ಗಂಡ "ಟ್ಯೂಬ್ ಮಿಷನ್ ತಂದಿದ್ರೆ..." ಎಂದು ಬಾಯಿ ತೆರೆದರು. ನಾನು ನೋಡಿದ ನೋಟಕ್ಕೆ ಮುಚ್ಚಿದರು. ಅದೂ ಸುಡುವುದೇ.

ಮಸಿ ತೆಗೆಯುವ ಕೆಲಸ ಶುರುವಾಯಿತು. ಉಪ್ಪುಕಾಗದ ಹಾಕಿ ತಿಕ್ಕಿದರೆ ಹಲಗೆಯ ಮೈ ಸವೆಯುತ್ತದೆಯೇ ಹೊರತು ಗೆರೆಯ ಒಳಗಿನ ಕಪ್ಪು ಅಲ್ಲೇ ಕೂತಿರುತ್ತದೆ. ಹಲ್ಲುಜ್ಜುವ ಬ್ರಷ್ಷಿಗೆ ಅಡುಗೆ ಸೋಡ ಹಚ್ಚಿ ಉಜ್ಜಿದೆ, ನೀರು ಕುಡಿದು ಮರದ ನಾರೆದ್ದಿತು. ತಂತಿ ಬ್ರಷ್ಷು ಗೆರೆಯ ಅಂಚನ್ನೇ ಕಿತ್ತುಹಾಕಿತು. ಇದೆಲ್ಲ ಚೂರುಗಳ ಮೇಲೆ, ದೇವರು ದೊಡ್ಡವನು. ವಾರ್ನಿಷ್ ಬಳಿದರೆ ಮಸಿ ಕೈಗೆ ಹತ್ತುವುದಿಲ್ಲ, ಆದರೆ ಕಪ್ಪು ಇನ್ನೂ ಮಿಂಚುತ್ತದೆ. ಅಜ್ಜಿಯ ಕಣ್ಣು ತಪ್ಪಿಸಲು ಸಾಧ್ಯವೇ? ಮದುವೆ ಹತ್ತಿರ ಬರುತ್ತಿತ್ತು. ನಾನು ಊಟದ ಹೊತ್ತಿಗೂ ಮೇಜು ಬಿಟ್ಟು ಏಳುತ್ತಿರಲಿಲ್ಲ.

ಅಬ್ಬಾ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದವರೇ ಬಾಗಿಲಲ್ಲಿ ನಿಂತು, "ನಾನು ಮೊದ್ಲೇ ಹೇಳ್ಲಿಲ್ವಾ, ಬೆಂಕಿಪೆಟ್ಟಿಗೆ ಬೇಡ ಅಂತ" ಎಂದರು.

ನಮ್ಮ ಮನೆಯ ಮಾತು ಉರ್ದು. ಜಗಳ ಬಿಸಿಯೇರಿದಾಗ ಮಾತ್ರ ಅದು ತಾನಾಗಿಯೇ ಕನ್ನಡಕ್ಕೆ ಹೊರಳುತ್ತದೆ.

"ಯಾರು ಒಪ್ಕೊಂಡಿದ್ದು? ನಾನಾ? ಫೋನಲ್ಲಿ ಆಯ್ತು ಆಯ್ತು ಅಂದವರು ನೀವು. ಆಗೋದಿಲ್ಲ ಅಂತ ಗೊತ್ತಿದ್ದೂ ಯಾಕೆ ಒಪ್ಕೊಂಡ್ರಿ?"

"ಅವರ ಮನೆ ಮಣೆಗೆ ಇಲ್ಲ ಅಂತ ಹೆಂಗೆ ಹೇಳ್ಲಿ?"

"ಹಾಗಾದ್ರೆ ಬನ್ನಿ, ನೀವೇ ಕೆರೀರಿ!" ಎಂದು ಗೋಡೆಗೆ ತೂಗಿಹಾಕಿದ್ದ ಅವರ ಮೂಲೆಯುಳಿಯನ್ನು ತೆಗೆದು, ಸುಟ್ಟ ಗೆರೆಯ ಒಂದು ಚೂರು ಹಲಗೆಯ ಜೊತೆ ಅವರ ಮುಂದೆ ಬಡಿದೆ. ಮೂಲೆಯುಳಿ ಎಂದರೆ ಮೊನೆಯನ್ನು 'V' ಆಕಾರಕ್ಕೆ ಮಡಿಸಿದ ಉಳಿ, ಸಣ್ಣ ಗೆರೆ ಕೆತ್ತುವಂಥದ್ದು. ಬಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಡುಗುವ ಕೈಗೆ ಉಳಿ ಕೊಟ್ಟು ಕೆತ್ತು ಎನ್ನುವ ಮಗಳು ಎಲ್ಲಿದ್ದಾಳೆ?

ಅಬ್ಬಾ ನನ್ನನ್ನು ನೋಡಿದರು, ಉಳಿಯನ್ನು ನೋಡಿದರು. ಅವತ್ತು ಎದ್ದು ಹೋದ ಮೇಲೆ ಮೊದಲ ಸಲ ಕೋಣೆಯ ಒಳಗೆ ಬಂದು ಕೂತರು. ಉಳಿಯ ಮೊನೆಯನ್ನು ಗೆರೆಗೆ ಇಟ್ಟರು. ಕೈ ನಡುಗಿ ಮೊನೆ ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಟಕಟಕ ಎಂದಿತು. ಆಮೇಲೆ ಮುಂದಕ್ಕೆ ಒತ್ತಿದರು. ಟಕಟಕ ನಿಂತಿತು. ಪಕ್ಕಕ್ಕೆ ಜಾರಲು ಉಳಿಗೆ ಜಾಗವಿರಲಿಲ್ಲ, ಗೆರೆಯ ಎರಡು ಗೋಡೆಗಳು ಅದನ್ನು ಹಿಡಿದುಕೊಂಡಿದ್ದವು. ಕಪ್ಪು ಪುಡಿ ಸುರುಳಿಯಾಗಿ ಎದ್ದು ಬಂತು, ಅದರ ಹಿಂದೆ ಅಪ್ಪಟ ಹಳದಿ ಮರ. ಒಂದು ಗೇಣು ಹೋದ ಮೇಲೆ ಬಳ್ಳಿಯ ತಿರುವಿನಲ್ಲಿ ಉಳಿ ಹೊರಗೆ ಹಾರಿತು.

"ಗೆರೆ ತೆಳು" ಎಂದರು ಅಬ್ಬಾ. "ಅಲ್ಲಿ ಹಿಡಿತ ಇಲ್ಲ."

ನಾನು ತಿರುವನ್ನು ನೋಡುತ್ತಾ ಕೂತೆ. ಅಷ್ಟು ದಿನ ನಾನು ಕಲಿತದ್ದೆಲ್ಲ ಕಡಿಮೆ ಸುಡುವುದು ಹೇಗೆ ಎಂಬುದು: ವೇಗ ಹೆಚ್ಚಿಸು, ಬಲ ತಗ್ಗಿಸು, ಗಾಳಿ ಊದು. ಎಲ್ಲ ವೀಡಿಯೊಗಳೂ ಅದನ್ನೇ ಹೇಳುತ್ತಿದ್ದವು. ಹೇಗಿದ್ದರೂ ಸುಟ್ಟದ್ದನ್ನೆಲ್ಲ ಉಳಿ ತೆಗೆಯುವುದಾದರೆ ಕಡಿಮೆ ಸುಟ್ಟು ಏನು ಪುರುಷಾರ್ಥ? ಬೇಕಾದದ್ದು ಆಳ. ಇನ್ನೂ ಸುಡಬೇಕು.

"ತಲೆ ಕೆಟ್ಟಿದೆಯಾ ನಿಂಗೆ?" ಎಂದರು ಗಂಡ. "ಸುಟ್ಟಿದೆ ಅಂತ ವಾಪಸ್ ಕಳಿಸಿದ್ದನ್ನ ಮತ್ತೆ ಸುಡ್ತೀಯಾ? ಇರೋದೇ ಎರಡು ಹಲಗೆ!"

ಭಯ ನನಗೂ ಇತ್ತು. ಚೂರುಗಳಲ್ಲಿ ಮಿಕ್ಕಿದ್ದ ಕೊನೆಯದರ ಮೇಲೆ ನೋಡಿದೆ. ಮೊದಲು ಮಿಷನ್ನಿನ ತಲೆಯನ್ನು ಬೇಕೆಂದೇ ಸ್ವಲ್ಪ ಎತ್ತರಿಸಿ, ಬೆಳಕು ಹರಡಿಕೊಂಡು ಗೆರೆ ಅಗಲವಾಗುವ ಹಾಗೆ ಒಂದು ಓಟ. ಆಮೇಲೆ ತಲೆಯನ್ನು ಸರಿಯಾದ ಎತ್ತರಕ್ಕೆ ಇಳಿಸಿ, ಬಲ ಪೂರ್ತಿ ಕೊಟ್ಟು, ನಿಧಾನಕ್ಕೆ, ಗೆರೆಯ ನಡುವಿನಲ್ಲಿ ಮತ್ತೆ ಮತ್ತೆ. ಗೆರೆ ಮೇಲೆ ಅಗಲ, ತಳದಲ್ಲಿ ಕಿರಿದು, ಸರಿಯಾಗಿ ಮೂಲೆಯುಳಿಯ ಮೂತಿ ಕೂರುವ ಚರಂಡಿಯಾಯಿತು. ಕಲ್ಲಿದ್ದಲಿನಷ್ಟು ಕಪ್ಪು. ಅಬ್ಬಾನಿಗೆ ಕೊಟ್ಟೆ. ತಿರುವಿನಲ್ಲಿ ಉಳಿ ಹಾರಲಿಲ್ಲ.

ರೀಪರಿನ ಪಟ್ಟಿಗಳು ಇದ್ದದ್ದು ಒಳ್ಳೆಯದಾಯಿತು. ಮಣೆ ತಂದು ಅದೇ ಮೂಲೆಗೆ ಒತ್ತಿದೆ, ಮಿಷನ್ನಿನ ಕಾಲು ಅದೇ ಜಾಗಕ್ಕೆ ಕೂತಿತು, ಹಳೆಯ ಗೆರೆಯ ಮೇಲೆಯೇ ಬೆಳಕು ಇಳಿಯಿತು. ಕೋಣೆಯ ತುಂಬ ಹೊಗೆ. ಪಕ್ಕದ ಮನೆಯವರು ಕಿಟಕಿ ಬಡಿದರು, ಬಡಿಯಲಿ ಎಂದೆ. ಗೆರೆ ಕಪ್ಪಾದಷ್ಟೂ ನನಗೆ ಖುಷಿ. ಆ ಮಿಷನ್ ತಂದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಉಳಿದದ್ದು ಅಬ್ಬಾನ ಕೆಲಸ. ಬೆಂಚಿನ ಮುಂದೆ ಕೂತು, ಎಡಗೈ ಬೆರಳನ್ನು ಉಳಿಯ ಮೊನೆಗೆ ಒತ್ತಿಟ್ಟು, ಎಸಳೆಸಳಾಗಿ ತಳ್ಳುತ್ತಾ ಹೋದರು. ದಣಿವಾದರೆ ನಿಲ್ಲಿಸಿ ಕೈ ಹಿಸುಕಿಕೊಳ್ಳುತ್ತಿದ್ದರು. ಆಗ ಕೈ ನಡುಗುವುದು ನೋಡಲಾಗುತ್ತಿರಲಿಲ್ಲ, ಗೆರೆಗೆ ಇಟ್ಟರೆ ಸುಮ್ಮನಾಗುತ್ತಿತ್ತು. ನಾನು ಸಹಾಯಕ್ಕೆ ಹೋದರೆ "ನಿಂದು ಆಯ್ತಲ್ಲ, ನಡಿ" ಎಂದು ಓಡಿಸುತ್ತಿದ್ದರು. ಗಂಡಿನ ಮಣೆಯಲ್ಲಿ ಒಂದು ಕಡೆ ನಾರು ಅಡ್ಡ ಸಿಕ್ಕು ಉಳಿ ಬಳ್ಳಿಯಿಂದ ಹೊರಗೆ ಗೀಚಿತು. ಅಬ್ಬಾ ಬೈದುಕೊಂಡು, ಆ ಗೀಚನ್ನೇ ತಿದ್ದಿ ಒಂದು ಎಲೆ ಮಾಡಿದರು. "ಇದು ನಿನ್ನ ಬೆಂಕಿಪೆಟ್ಟಿಗೆಗೆ ಬರ್ತದಾ?" ಎಂದು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ತಪ್ಪು ಮಾಡಿಯೂ ಜಂಬ ಕೊಚ್ಚಿಕೊಳ್ಳುವ ಮನುಷ್ಯನಿಗೆ ಏನು ಹೇಳುವುದು!

ಈ ಸಲ ಕಂಪಲಾಪುರಕ್ಕೆ ಅಬ್ಬಾ ಬಂದರು. ಟವೆಲ್ಲನ್ನು ಕೈಗೆ ಸುತ್ತಿಕೊಂಡೇ ಜಗಲಿಯ ಮೇಲೆ ಕೂತರು. ಅಜ್ಜಿ ತಮ್ಮ ಬಿಳಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಪದ್ಮದ ಎಲ್ಲ ಎಸಳುಗಳ ಮೇಲೂ, ಬಳ್ಳಿಯ ಮೇಲೂ 'ಜರ್' ಎಂದು ಎಳೆದರು. ಸೆರಗು ಬಿಡಿಸಿ ಬೆಳಕಿಗೆ ಹಿಡಿದರು. ಬಿಳಿಯೇ.

"ಇದು ಮಣೆ ಅಂದ್ರೆ" ಎಂದರು. "ನೋಡ್ಲಾ, ಸಾಬ್ರ ಕೈ ಎಂಗೆ ಓಡ್ಯದೆ ಅಂತ" ಎಂದು ಮಗನಿಗೆ ತೋರಿಸಿದರು. ಮಿಷನ್ನಿನ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಮಣೆಗೆ ಹೊದಿಸಿದ್ದ ಬಟ್ಟೆ ಮಡಿಸತೊಡಗಿದೆ.

ಮಣೆ ಮಾಡಿದವರಿಗೆ ಆ ಮನೆಯಲ್ಲಿ ತಾಂಬೂಲ ಕೊಡುತ್ತಾರೆ. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ. ಕೊಡುವವರು ಎರಡು ಕೈಯಲ್ಲಿ ಕೊಡಬೇಕು, ತಗೊಳ್ಳುವವರು ಎರಡು ಕೈಯಲ್ಲಿ ತಗೊಳ್ಳಬೇಕು. ಇದು ನನಗೆ ನೆನಪಾಗುವ ಹೊತ್ತಿಗೆ ಅಜ್ಜಿ ಆಗಲೇ ಅಬ್ಬಾನ ಮುಂದೆ ತಾಂಬೂಲ ಹಿಡಿದು ನಿಂತಿದ್ದರು. ಅಬ್ಬಾ ತಾಂಬೂಲವನ್ನೂ ಟವೆಲ್ಲು ಸುತ್ತಿದ ಕೈಯನ್ನೂ ನೋಡಿದರು. ಆಮೇಲೆ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಎರಡೂ ಕೈ ಚಾಚಿದರು.

ವೀಳ್ಯದೆಲೆ ಗಾಳಿಗೆ ಸಿಕ್ಕ ಹಾಗೆ ಅದುರಿತು. ಅಡಿಕೆ ಉರುಳಿ ಕೆಳಗೆ ಬಿತ್ತು, ನಾನು ಬಗ್ಗಿ ಹೆಕ್ಕಿದೆ. ಎದ್ದು ನೋಡಿದರೆ ಅಜ್ಜಿ ಅಬ್ಬಾನ ಕೈಗಳನ್ನೇ ನೋಡುತ್ತಿದ್ದರು. ಆಮೇಲೆ ಮಣೆಯ ಗೆರೆಗಳನ್ನು ನೋಡಿದರು. ಮತ್ತೆ ಕೈ.

"ಎಷ್ಟ್ ದಿನಾಯ್ತು ಸಾಬ್ರೇ?"

"ಒಂದು ವರ್ಷ ಆಯ್ತು ಅವ್ವಾ."

ಯಜಮಾನರು ನೆಲ ನೋಡಿದರು. ಅಜ್ಜಿ ತಿರುಗಿ ಒಳಗೆ ಹೋದರು. ಮುಗಿಯಿತು, ಮಣೆ ಮತ್ತೆ ಗೂಡ್ಸ್ ಆಟೊ ಹತ್ತುತ್ತದೆ ಎಂದುಕೊಂಡೆ. ಅಬ್ಬಾನ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅಜ್ಜಿ ಹೊರಗೆ ಬಂದರು. ಕೈಯಲ್ಲಿ ಇನ್ನೊಂದು ತಾಂಬೂಲ. ಈ ಸಲ ನನ್ನ ಮುಂದೆ ಬಂದು ನಿಂತರು.

"ಇಡ್ಕೋ" ಎಂದರು. ನಾನು ಒಂದು ಕೈ ಮುಂದೆ ಮಾಡಿದೆ. "ಎಲ್ಡೂ ಕೈಲಿ ಇಡ್ಕಳವ್ವ, ಅಷ್ಟೂ ತಿಳೀದಾ?" ಎಂದು ಗದರಿದರು. ಹಿಡಿದುಕೊಂಡೆ. "ಚಿಕ್ಕೋಳ್ದು ಇನ್ನೂ ಅದೆ" ಎಂದು ಒಳಗಿದ್ದ ಕಿರಿಯ ಮೊಮ್ಮಗಳ ಕಡೆ ತಲೆ ಆಡಿಸಿದರು. "ಆಗ್ಲೂ ಇಬ್ರೂವೆ ಬರ್ಬೇಕು."

ಗೂಡ್ಸ್ ಆಟೊದ ಹಿಂಭಾಗದಲ್ಲಿ ನಾನೂ ಅಬ್ಬಾನೂ ಎದುರುಬದುರು ಕೂತೆವು. ನನ್ನ ಕಣ್ಣು ತುಂಬಿತ್ತು. ಅಬ್ಬಾ ಏನಾದರೂ ಒಳ್ಳೆಯ ಮಾತು ಆಡಬಹುದೆಂದು ಹುಣಸೂರಿನ ಸೇತುವೆ ಬರುವವರೆಗೂ ಕಾದೆ. ಆಗ ಬಾಯಿ ಬಿಟ್ಟರು.

"ಆ ಬೆಂಕಿಪೆಟ್ಟಿಗೆ ಕಣ್ಣು ಒರೆಸಿಟ್ಟಿದ್ದೀಯಾ? ಮೇಣ ಕೂತಿರ್ತದೆ."

"ಒರೆಸಿದ್ದೀನಿ" ಎಂದೆ ಸಿಟ್ಟಿನಿಂದ.

"ಇನ್ನೊಂದ್ಸಲ ಒರೆಸು" ಎಂದರು. ಟವೆಲ್ಲು ಹೆಗಲ ಮೇಲೆಯೇ ಇತ್ತು. ತಾಂಬೂಲ ಹಿಡಿದ ಎರಡೂ ಕೈ ತೊಡೆಯ ಮೇಲೆ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಹಾಗೆ ನಡುಗುತ್ತಿದ್ದವು.